ಮೂವತ್ತೊಂದನೇ ಸೊಪ್ಪು

ಚಾಮರಾಜನಗರ
11 ನವೆಂಬರ್ 2024

ಶ್ರೀ ಶಿವಮಲ್ಲು, ಫಾರೆಸ್ಟ್ ವಾಚರ್, ಮರಳಿಗಟ್ಟೆ ಕ್ಯಾಂಪು, ಇವರಿಗೆ

ನಮಸ್ಕಾರ. ನಾನು ಸಂತೆಮರಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಇದು ನಿಮಗೆ ಗೊತ್ತಿರುವ ವಿಷಯವೇ. ಆದರೂ ಕಾಗದವನ್ನು ಬರೆಯಬೇಕಾದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ನಮ್ಮ ಎಂಟನೇ ತರಗತಿಯ ಮಕ್ಕಳನ್ನು ಮೂರು ದಿನದ ಪ್ರಕೃತಿ ಶಿಬಿರಕ್ಕೆ ಆರಿಸಿದ್ದಾರೆ. ಡಿಸೆಂಬರ್ 20ರಿಂದ 22. ಮರಳಿಗಟ್ಟೆಯಲ್ಲಿ ಟೆಂಟು ಹಾಕಿ ಎರಡು ರಾತ್ರಿ ತಂಗುವುದು, ಬೆಳಿಗ್ಗೆ ಹಕ್ಕಿ ನೋಡುವುದು, ಸಂಜೆ ಕೆರೆ ಏರಿಯ ಮೇಲೆ ನಡಿಗೆ. ಗುಂಡ್ಲುಪೇಟೆಯ ಕಚೇರಿಗೆ ಹೋಗಿ ಅನುಮತಿ ಪತ್ರ ತಂದೆ. ಅದರಲ್ಲಿ ‘ಮಾರ್ಗದರ್ಶಕ’ ಎಂಬ ಜಾಗದಲ್ಲಿ ನಿಮ್ಮ ಹೆಸರಿತ್ತು. ಬೇರೆಯವರನ್ನು ಹಾಕಿ ಎಂದೆ. “ಆ ಕಾಡ ಅವ್ರಷ್ಟು ತಿಳ್ದೋರು ಇಲ್ಲ ಕಣಿ ಮೇಡಂ. ಯಾಕೆ, ಏನಾರ ತೊಂದ್ರೆನಾ?” ಎಂದರು. ನಾವಿಬ್ಬರೂ ಒಂದೇ ತಾಯಿ ಮಕ್ಕಳು ಅಂತ ಆ ಗುಮಾಸ್ತರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಎಂಟು ವರ್ಷದಿಂದ ಮಾತು ಬಿಟ್ಟಿದ್ದೇವೆ ಅನ್ನುವುದನ್ನು ಸರ್ಕಾರಿ ಫಾರಮ್ಮಿನ ಯಾವ ಕಾಲಮ್ಮಿನಲ್ಲಿ ತುಂಬಲಿ?

ಮಕ್ಕಳು ಇಪ್ಪತ್ತೆಂಟು, ಶಿಕ್ಷಕರು ಇಬ್ಬರು. ಕುಡಿಯುವ ನೀರು ಅಲ್ಲೇ ಇದೆಯೋ, ನಾವು ತರಬೇಕೋ? ಹೆಣ್ಣುಮಕ್ಕಳಿಗೆ ಶೌಚಾಲಯ ಟೆಂಟಿನಿಂದ ಎಷ್ಟು ದೂರ? ಬಸ್ಸು ಎಲ್ಲಿಯವರೆಗೆ ಬರುತ್ತದೆ? ಏನು ತರಬೇಕು, ಏನು ತರಬಾರದು? ಪೋಷಕರ ಸಭೆಯಲ್ಲಿ ನಾನು ಉತ್ತರ ಕೊಡಬೇಕು.

ಕ್ಯಾಂಪಿನಲ್ಲಿ ಫೋನು ಸಿಗುವುದಿಲ್ಲವಂತೆ. ಒಳ್ಳೆಯದೇ ಆಯಿತು. ರೇಷನ್ ಜೀಪಿನವರ ಕೈಯಲ್ಲಿ ಉತ್ತರ ಕಳಿಸಿದರೆ ಅವರು ಗುಂಡ್ಲುಪೇಟೆಯಲ್ಲಿ ಪೋಸ್ಟಿಗೆ ಹಾಕುತ್ತಾರೆ.

ಇಂತಿ,
ಚಂದ್ರಮತಿ
ಸಹಶಿಕ್ಷಕಿ


ಮರಳಿಗಟ್ಟೆ ಕ್ಯಾಂಪು
19 ನವೆಂಬರ್ 2024

ಚಂದ್ರ,

‘ಇವರಿಗೆ’, ‘ನಿಮಗೆ’ ಅಂತೆಲ್ಲ ಬರೆದಿದ್ದೀಯ. ಇಲ್ಲಿ ನನ್ನ ಜೊತೆ ಇರುವ ಹಳೇ ವಾಚರು ಮೂಗಣ್ಣನಿಗೆ ಓದಿ ಹೇಳಿದೆ. “ಯಾರ್ಲಾ ಇದು, ತಾಸೀಲ್ದಾರ್ರಾ?” ಅಂದ. ನನ್ನ ತಂಗಿ ಕಣಣ್ಣ ಅಂದೆ. ಅವನು ಒಲೆಗೆ ಸೌದೆ ತಳ್ಳಿದ. ನಿನ್ನ ಕೈಬರಹ ನೋಡಿ ಎಂಟು ವರ್ಷ ಆಗಿತ್ತಲ್ಲ, ಲಕೋಟೆ ಒಡೆಯುವುದಕ್ಕೇ ನನಗೆ ಅರ್ಧ ದಿನ ಹಿಡಿಯಿತು. ಬೈದಿರ್ತೀಯ ಅಂತಿದ್ದೆ. ಶೌಚಾಲಯ ಎಷ್ಟು ದೂರ ಅಂತ ಕೇಳಿದ್ದೀಯ.

ಇಪ್ಪತ್ತು ಹೆಜ್ಜೆ. ಸುತ್ತ ಸೋಲಾರ್ ಬೇಲಿ ಇದೆ. ಬೋರ್‌ವೆಲ್ ನೀರಿದೆ, ಚೆನ್ನಾಗಿದೆ. ಬಸ್ಸು ಚೆಕ್‌ಪೋಸ್ಟಿನ ಹತ್ತಿರ ನಿಲ್ಲುತ್ತದೆ, ಅಲ್ಲಿಂದ ಮುಕ್ಕಾಲು ಮೈಲಿ ನಡಿಗೆ. ಮಕ್ಕಳು ತರಬೇಕಾದ್ದು ಕಂಬಳಿ, ಟಾರ್ಚು, ಕಾಲು ಮುಚ್ಚುವ ಶೂ, ಮಾಸಲು ಬಣ್ಣದ ಬಟ್ಟೆ. ತರಬಾರದ್ದು ಸೆಂಟು, ಪಟಾಕಿ, ಕೆಂಪು ಸ್ವೆಟರು. ಟೆಂಟಿನ ಒಳಗೆ ಬಾಳೆಹಣ್ಣು, ಬೆಲ್ಲ, ಉಪ್ಪಿನ ಪೊಟ್ಟಣ ಇಡಲೇಕೂಡದು. ಅಮ್ಮಂದಿರು ಪ್ರೀತಿಗೆ ರವೆ ಉಂಡೆ ಕಟ್ಟಿ ಕಳಿಸುತ್ತಾರೆ, ಆನೆಗೂ ರವೆ ಉಂಡೆ ಮೇಲೆ ಬಲು ಪ್ರೀತಿ.

ಇನ್ನೊಂದು. ಒಳಗೆ ಬರುವಾಗ ಪ್ರತಿಯೊಬ್ಬರೂ ಚೆಕ್‌ಪೋಸ್ಟಿನ ಹತ್ತಿರದ ಸೊಪ್ಪಿನ ಕಲ್ಲಿನ ಮೇಲೆ ಒಂದೊಂದು ಹಸಿರು ಕಡ್ಡಿ ಇಡಬೇಕು. ಹೊರಗೆ ಹೋಗುವಾಗ ಇಟ್ಟ ಕೈಯೇ ತೆಗೆಯಬೇಕು. ಕಡ್ಡಿ ಉಳಿದರೆ ಯಾರೋ ಒಳಗೆ ಉಳಿದಿದ್ದಾರೆ ಅಂತ. ನಿಮಗೆ ಹಾಜರಿ ಪುಸ್ತಕ ಇದ್ದ ಹಾಗೆ ನಮಗೆ ಅದು. ನೀನೂ ನಾನೂ ಸಣ್ಣವರಿದ್ದಾಗ ಸೌದೆಗೆ ಹೋಗುವಾಗ ಅವ್ವ ಕಲಿಸಿದ್ದು, ಮರೆತಿರುವುದಿಲ್ಲ.

ಆದರೆ ಚಂದ್ರ, ಡಿಸೆಂಬರಿನಲ್ಲಿ ಬೇಡ. ಕೆರೆ ಸುತ್ತ ಒಂದು ಸಲಗ ತಿರುಗುತ್ತಿದೆ, ಎಡಗೊಂಬು ಮುರಿದದ್ದು. ಮುರುಕೊಂಬ ಅಂತ ಕರೆಯುತ್ತೇವೆ. ಮದ ಬಂದಿದೆ, ಕಿವಿಯ ಮುಂದೆ ನೀರು ಸುರೀತಾ ಇದೆ. ಮದ ಇಳಿಯಲಿ, ಫೆಬ್ರವರಿ ಮೊದಲ ವಾರ ಬನ್ನಿ. ಕಚೇರಿಗೆ ನೀನೇ ಒಂದು ಮಾತು ಹೇಳಿ ತಾರೀಖು ಮುಂದಕ್ಕೆ ಹಾಕಿಸು.

ಪಟ್ಟಿಯಲ್ಲಿ ನಿನ್ನ ಮಗಳು ಶೃತಿಯ ಹೆಸರಿದೆಯಾ? ಇದ್ದರೆ ತೆಗೆದುಬಿಡು. ಯಾವಾಗ ಬಂದರೂ ಅವಳನ್ನು ಮಾತ್ರ ಕರೆತರಬೇಡ.

ನಿನ್ನಣ್ಣ,
ಶಿವಮಲ್ಲು


ಚಾಮರಾಜನಗರ
26 ನವೆಂಬರ್ 2024

ಶಿವಮಲ್ಲುಗೆ,

‘ನಿಮಗೆ’ ಅಂತ ಬರೆದದ್ದು ಮರ್ಯಾದೆಗಲ್ಲ, ದೂರ ಇಡುವುದಕ್ಕೆ. ಅದನ್ನೂ ನಗೆಪಾಟಲು ಮಾಡಿಕೊಂಡು ಕೂತೆ. ಆಗಲಿ, ‘ನೀನು’ ಅಂತಲೇ ಬರೆಯುತ್ತೇನೆ. ಜಗಳಕ್ಕೂ ಅದೇ ಅನುಕೂಲ.

ಫೆಬ್ರವರಿ ಆಗುವುದಿಲ್ಲ. ಫೆಬ್ರವರಿಯಲ್ಲಿ ಬೆಂಕಿ ಭಯ ಅಂತ ಶಿಬಿರ ಮುಚ್ಚುತ್ತಾರಂತೆ, ಆಮೇಲೆ ಪರೀಕ್ಷೆ. ಕಚೇರಿಯಲ್ಲಿ ಆನೆಯ ವಿಷಯ ಕೇಳಿದೆ. “ಬೇಲಿ ಒಳಗಿದ್ರೆ ಏನೂ ಆಗಲ್ಲ, ವಾಚರ್ ಇರ್ತಾರಲ್ಲ” ಅಂದರು. ಈ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸಂತೆಮರಹಳ್ಳಿ ಸಂತೆ ಬಿಟ್ಟು ಬೇರೆ ಊರು ನೋಡಿಲ್ಲ. ಅರವತ್ತು ಮೈಲಿ ದೂರದ ಕಾಡನ್ನು ಊಟಿಗೆ ಹೋಗುವ ಕಾರಿನವರೆಲ್ಲ ನೋಡುತ್ತಾರೆ, ನಮ್ಮ ಶಾಲೆಯ ಮಕ್ಕಳು ನೋಡಬಾರದಾ? ಆನೆ ನೆಪ ಹೇಳಿ ನನ್ನನ್ನು ತಡೆಯಬೇಡ.

ಶೃತಿಯ ಹೆಸರಿದೆ. ಪಟ್ಟಿಯಲ್ಲಿ ಮೊದಲನೆಯದೇ ಅವಳದು, ಅವಳೇ ಬರೆದುಕೊಂಡಿದ್ದು. “ಅಪ್ಪ ಕೆಲ್ಸ ಮಾಡ್ತಿದ್ದ ಜಾಗ ನೋಡ್ಬೇಕು ಕಣಮ್ಮ” ಅಂದಳು. ಅವಳಿಗೆ ಈಗ ಹದಿಮೂರು. ಇಲ್ಲ ಅನ್ನುವುದಕ್ಕೆ ನನ್ನ ಹತ್ತಿರ ಕಾರಣ ಇಲ್ಲ. ನಿನ್ನ ಹತ್ತಿರ ಇದ್ದರೆ ಹೇಳು. ಅಷ್ಟೂ ಹೊತ್ತು ಬಾಳೆಹಣ್ಣು, ಉಪ್ಪು, ರವೆ ಉಂಡೆ ಅಂತ ಬರೆದು, ಕೊನೆಯಲ್ಲಿ ನನ್ನ ಮಗಳನ್ನು ಬೇಡ ಅಂದೆಯಲ್ಲ, ಯಾಕೆ?

ನಾನು ಹೇಳಲಾ? 2017ರ ಜನವರಿ 18. ಕಾಡ್ಗಿಚ್ಚು ಹರಡದ ಹಾಗೆ ಬೆಂಕಿ ರೇಖೆ ಸವರುವುದಕ್ಕೆ ಅಂತ ಶೃತಿಯ ಅಪ್ಪ, ನೀನು, ಇನ್ನೂ ಎಂಟು ಜನ ಅದೇ ಕಾಡಿಗೆ ಹೋದಿರಿ. ಸಂಜೆ ಒಂಬತ್ತು ಜನ ಹೊರಗೆ ಬಂದಿರಿ. ಶೃತಿಯ ಅಪ್ಪ ಮನೆಗೆ ಹೋದರು ಅಂದುಕೊಂಡರು ಕ್ಯಾಂಪಿನವರು. ಕ್ಯಾಂಪಿನಲ್ಲೇ ಉಳಿದರು ಅಂದುಕೊಂಡೆ ನಾನು. ಮಾರನೆಯ ದಿನ ಒಂಬತ್ತು ಗಂಟೆಗೆ ಹುಡುಕಿಕೊಂಡು ಹೋದಿರಿ. ಆನೆ ತುಳಿದದ್ದು ಕಾಲನ್ನು ಮಾತ್ರ. ಬೆಳಗಿನ ಜಾವದವರೆಗೂ ಜೀವ ಇತ್ತು ಅಂದರು ಡಾಕ್ಟರು.

ತಿಥಿಯ ದಿನ ನಿನ್ನನ್ನು ಒಂದೇ ಒಂದು ಮಾತು ಕೇಳಿದೆ. ಕಲ್ಲಿನ ಮೇಲೆ ಅವರ ಸೊಪ್ಪು ಇರಲಿಲ್ಲವಾ? ಇತ್ತು ಅಂದರೆ ಯಾಕೆ ಹುಡುಕಲಿಲ್ಲ? ಇರಲಿಲ್ಲ ಅಂದರೆ ಎಲ್ಲಿಗೆ ಹೋಯಿತು? ನೀನು ಎಲೆ ಮುಂದಿನಿಂದ ಎದ್ದು ಹೋದೆ. ಅವತ್ತಿನಿಂದ ನಾನು ನಿನ್ನ ಮುಖ ನೋಡಿಲ್ಲ.

ಈಗ ಎಲೆಯೂ ಇಲ್ಲ, ನೆಂಟರೂ ಇಲ್ಲ. ಕಾಗದ ಇದೆ, ಉತ್ತರ ಬರಿ. ಇಲ್ಲದಿದ್ದರೆ ನನ್ನ ಮಗಳನ್ನು ಯಾವ ಧೈರ್ಯದ ಮೇಲೆ ನಿನ್ನ ಕೈಗೆ ಒಪ್ಪಿಸಲಿ?

ಚಂದ್ರಮತಿ


(ಪೋಸ್ಟ್ ಕಾರ್ಡು)
ಚಾಮರಾಜನಗರ
9 ಡಿಸೆಂಬರ್ 2024

ಹದಿಮೂರು ದಿನವಾಯಿತು, ಉತ್ತರವಿಲ್ಲ. ಜೀಪು ಎರಡು ಸಲ ಬಂದು ಹೋಯಿತು ಅಂತ ಕಚೇರಿಯಲ್ಲಿ ಕೇಳಿ ತಿಳಿದುಕೊಂಡೆ. ಪೋಷಕರೆಲ್ಲ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದಾರೆ. ಇಪ್ಪತ್ತೇಳು ಬಂದಿದೆ. ಬಾಕಿ ಇರುವ ಒಂದು ನನ್ನದೇ. ಶೃತಿ ಅಪ್ಪನ ಹಳೇ ಟಾರ್ಚಿಗೆ ಸೆಲ್ ಹಾಕಿಸಿಕೊಂಡು ಬಂದಿದ್ದಾಳೆ. ದಿನಾ ಸಾಯಂಕಾಲ ಗೋಡೆ ಮೇಲೆ ಬೆಳಕು ಬಿಟ್ಟು ನೋಡುತ್ತಾಳೆ. ಈಗಲೂ ಎದ್ದು ಹೋಗುತ್ತೀಯಾ?

ಚಂ.


ಮರಳಿಗಟ್ಟೆ ಕ್ಯಾಂಪು
12 ಡಿಸೆಂಬರ್ 2024

ಚಂದ್ರ,

ಸೊಪ್ಪು ಇತ್ತು. ನಾನೇ ತೆಗೆದೆ.

ಇದನ್ನು ಬರೆದು ಎರಡು ಸಲ ಹರಿದೆ. ಮೂಗಣ್ಣ, “ಪೇಪರ್ ಮುಗ್ದೋಯ್ತದೆ ಕಣ್ಲಾ, ಬರ್ದು ಮುಗ್ಸು ಅತ್ಲಾಗೆ” ಅಂದ. ಅವನಿಗೂ ಈವರೆಗೆ ಗೊತ್ತಿರಲಿಲ್ಲ. ನಿನ್ನೆ ಹೇಳಿದೆ. ಅವತ್ತು ಮೇಸ್ತ್ರಿ ಅವನೇ ತಾನೆ. ಎಂಟು ವರ್ಷ ತಾನೇ ಸರಿಯಾಗಿ ನೋಡಲಿಲ್ಲ ಅಂತ ಕೊರಗಿದ್ದನಂತೆ. ನಿನ್ನೆಯಿಂದ ನನ್ನ ಜೊತೆ ಮಾತಿಲ್ಲ, ಇವತ್ತು ಇದೊಂದೇ ಮಾತು ಆಡಿದ್ದು.

ಭಾವನೂ ನಾನೂ ಯಾವಾಗಲೂ ಒಟ್ಟಿಗೇ ಹೋಗುತ್ತಿದ್ದದ್ದು ನಿನಗೆ ಗೊತ್ತು. ಕಲ್ಲಿನ ಮೇಲೆ ನನ್ನದು ಹೊಂಗೆ, ಅವನದು ನೆಲ್ಲಿ. ನೆಲ್ಲಿಕಾಯಿ ಬಾಯಿಗೆ ಹಾಕಿಕೊಂಡು ಅದೇ ಕಡ್ಡಿ ಇಡುತ್ತಿದ್ದ. ಹೊರಗೆ ಬರುವಾಗ ಯಾರು ಮುಂದಿರುತ್ತಾರೋ ಅವರು ಇಬ್ಬರದೂ ಎತ್ತಿಬಿಡುವುದು. ಅದು ನಮ್ಮ ಸೋಮಾರಿತನದ ರೂಢಿ. ಇಟ್ಟ ಕೈಯೇ ತೆಗೆಯಬೇಕು ಅನ್ನುವ ಅವ್ವ ನೋಡಿದ್ದರೆ ಕೆನ್ನೆಗೆ ಬಾರಿಸುತ್ತಿದ್ದಳು. ನೂರು ಸಲ ಹಾಗೆ ಮಾಡಿದ್ದೇವೆ. ನೂರು ಸಲವೂ ಇನ್ನೊಬ್ಬ ಹಿಂದೆಯೇ ಇರುತ್ತಿದ್ದ.

ಅವತ್ತು ಕಲ್ಲಿಗೆ ಎರಡು ಫರ್ಲಾಂಗು ಇದೆ ಅನ್ನುವಾಗ ಭಾವ ನಿಂತ. “ನೀ ಓಗ್ತಿರು, ಮಚ್ಚ ಬುಟ್ಬುಟ್ಟು ಬಂದಿವ್ನಿ, ತಕ ಬತ್ತೀನಿ” ಅಂದ. ಹೂಂ ಅಂದೆ. ಕಲ್ಲಿನ ಹತ್ತಿರ ಬಂದೆ. ಹಳ್ಳಿಗೆ ಹೋಗುವ ಟ್ರ್ಯಾಕ್ಟರು ಹೊರಟು ನಿಂತಿತ್ತು, “ಬೇಗ ಬಾರ್ಲಾ” ಅಂತ ಕೂಗುತ್ತಿದ್ದರು. ನನ್ನ ಕೈ ಹೋಗಿ ಎರಡೂ ಕಡ್ಡಿ ಎತ್ತಿತು. ನಾನು ನೋಡಲೇ ಇಲ್ಲ ಚಂದ್ರ. ಟ್ರ್ಯಾಕ್ಟರು ಹತ್ತಿದೆ. ಭಾವ ಹಿಂದಿನ ಜೀಪಿನಲ್ಲಿ ಬರುತ್ತಾನೆ ಅಂತ ನಾನು. ಕಲ್ಲು ಖಾಲಿ, ಎಲ್ಲ ಹೋದರು ಅಂತ ಜೀಪಿನಲ್ಲಿದ್ದ ಮೂಗಣ್ಣ.

ಇಷ್ಟೇ ಆಗಿದ್ದರೆ ತಿಥಿಯ ದಿನವೇ ನಿನಗೆ ಹೇಳುತ್ತಿದ್ದೆನೋ ಏನೋ. ಇಷ್ಟೇ ಅಲ್ಲ. ಮನೆಗೆ ಹೋಗಿ ಅಂಗಿ ಬಿಚ್ಚಿದೆ. ಜೇಬಿನಿಂದ ಎರಡೂ ಕಡ್ಡಿ ಕೆಳಗೆ ಬಿತ್ತು. ನೆಲ್ಲಿಯ ಕಡ್ಡಿಯನ್ನು ಕೈಯಲ್ಲಿ ಹಿಡಿದು ನೋಡಿದೆ. ಆಗಿನ್ನೂ ಏಳು ಗಂಟೆ. ಎದ್ದು ಹೋಗಿ ಒಂದು ಮಾತು ಕೇಳಬಹುದಿತ್ತು, ನಿನ್ನ ಮನೆಗೆ ಫೋನು ಮಾಡಬಹುದಿತ್ತು. ಬಂದಿರುತ್ತಾನೆ ಅಂದುಕೊಂಡೆ. ಬಂದಿರುತ್ತಾನೆ ಅಂದುಕೊಂಡು ಉಂಡು ಮಲಗಿದೆ.

ಇದು ನೀನು ಕೇಳಿದ ಉತ್ತರ. ನಾನು ಎದ್ದು ಹೋದದ್ದು ಕೋಪಕ್ಕಲ್ಲ. ನಿನ್ನ ಎದುರು ತುತ್ತು ಇಳಿಯಲಿಲ್ಲ.

ಮುರುಕೊಂಬನ ವಿಷಯ ನಿಜ, ನೆಪ ಅಲ್ಲ. ಅದು ಆವತ್ತಿನ ಆನೆಯೂ ಅಲ್ಲ, ಆ ಆನೆ ಸತ್ತು ಮೂರು ವರ್ಷವಾಯಿತು. ಆದರೆ ಶೃತಿಯನ್ನು ಕರೆತರಬೇಡ ಅಂದದ್ದು ಆನೆಗೆ ಹೆದರಿ ಅಲ್ಲ, ನನ್ನ ಕೈಗೆ ಹೆದರಿ. ನಿನಗೂ ಹೆದರಿಕೆ ಆದರೆ ಈ ಕಾಗದವನ್ನೇ ಕಚೇರಿಗೆ ತೋರಿಸು, ನನ್ನನ್ನು ಬದಲಾಯಿಸುತ್ತಾರೆ. ನಾನು ಏನೂ ಅನ್ನುವುದಿಲ್ಲ.

ಶಿವಮಲ್ಲು


ಚಾಮರಾಜನಗರ
17 ಡಿಸೆಂಬರ್ 2024

ಶಿವಮಲ್ಲು ಅವರಿಗೆ,

ಬಸ್ಸು 20ರ ಬೆಳಿಗ್ಗೆ ಏಳಕ್ಕೆ ಸಂತೆಮರಹಳ್ಳಿ ಬಿಡುತ್ತದೆ. ಹತ್ತೂವರೆಗೆ ಚೆಕ್‌ಪೋಸ್ಟು.

ಮಕ್ಕಳು 28. ಶಿಕ್ಷಕರು 2. ಒಟ್ಟು 30.

ಎಲ್ಲರ ಬಟ್ಟೆ, ಶೂ ನಾನೇ ನೋಡಿದ್ದೇನೆ. ಇಬ್ಬರಿಗೆ ಶೂ ಇರಲಿಲ್ಲ, ಹೊಂದಿಸಿದ್ದೇವೆ. ಒಬ್ಬ ಹುಡುಗನಿಗೆ ಜೇನಿನ ಕಡಿತ ಆಗುವುದಿಲ್ಲ, ಮಾತ್ರೆ ನನ್ನ ಹತ್ತಿರ ಇರುತ್ತದೆ. ತಿಂಡಿ ಡಬ್ಬಗಳನ್ನು ಅಡುಗೆ ಕೋಣೆಯಲ್ಲಿ ಬೀಗ ಹಾಕಿ ಇಡಬೇಕು.

ಇಪ್ಪತ್ತೆಂಟನೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದೇನೆ.

ಸೊಪ್ಪಿನ ವಿಷಯ ಮಕ್ಕಳಿಗೆ ನೀವೇ ಹೇಳಿ. ನನ್ನ ಬಾಯಲ್ಲಿ ಬರುವುದಿಲ್ಲ.

ಚಂದ್ರಮತಿ


ಗುಂಡ್ಲುಪೇಟೆ
24 ಡಿಸೆಂಬರ್ 2024

ಚಂದ್ರ,

ಆಸ್ಪತ್ರೆಯ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಬೇಡ. ಬಲಗಾಲಿನ ಮೂಳೆ ಮುರಿದಿದೆ. ಗಾಬರಿ ಬೇಡ, ಆನೆ ಮುಟ್ಟಲಿಲ್ಲ, ನಾನೇ ಬಿದ್ದದ್ದು. ಅದನ್ನು ಹೇಳುತ್ತೇನೆ. ಆಮೇಲೆ ನೀನು ನನಗೊಂದು ಉತ್ತರ ಕೊಡಬೇಕು.

ಮೂರು ದಿನ ನೀನು ನನ್ನ ಹತ್ತಿರ ಶಿಬಿರದ ಮಾತು ಬಿಟ್ಟು ಇನ್ನೊಂದು ಮಾತಾಡಲಿಲ್ಲ. ಆಡುತ್ತೀಯ ಅಂತ ನಾನೂ ಕಾಯಲಿಲ್ಲ. ಶೃತಿ ಆಡಿದಳು. ನನ್ನನ್ನು ‘ಮಾವ’ ಅಂತ ಕರೆದಳು, ಅದು ಯಾರು ಹೇಳಿಕೊಟ್ಟಿದ್ದೋ. ಬಂದವಳೇ ಕಲ್ಲಿನ ಮೇಲೆ ಲಂಟಾನ ಕಡ್ಡಿ ಇಟ್ಟು, “ಇದು ನಂದು, ನೋಡ್ಕೊಳಿ” ಅಂದಳು. ಉಳಿದ ಮಕ್ಕಳೆಲ್ಲ ಅವಳನ್ನು ನೋಡಿಕೊಂಡು ಲಂಟಾನವನ್ನೇ ಇಟ್ಟರು, ಅಲ್ಲಿ ಕೈಗೆ ಸಿಗುವುದೂ ಅದೇ ತಾನೆ. ನೀನು ಎಲ್ಲರಿಗಿಂತ ಹಿಂದೆ ಇದ್ದೆ. ನಾನು ಮುಂದೆ ನಡೆದೆ, ನೀನು ಇಡುವುದನ್ನು ನೋಡುವುದಕ್ಕೆ ನನಗೆ ಆಗಲಿಲ್ಲ.

ಕೊನೆಯ ದಿನದ ಬೆಳಿಗ್ಗೆ ನಿನಗೆ ಗೊತ್ತೇ ಇದೆ. ಮಕ್ಕಳು ಚೀಲ ಕಟ್ಟಿ ಸಾಲಾಗಿ ನಿಂತಿದ್ದಾರೆ, ಮುರುಕೊಂಬ ಬಂದು ದಾರಿಯ ತಿರುವಿನಲ್ಲಿ ನಿಂತ. ನೀನು ಒಂದು ಮಗುವೂ ಉಸಿರು ಬಿಡದ ಹಾಗೆ ಸುಮ್ಮನಿರಿಸಿದೆಯಲ್ಲ, ಅದನ್ನು ನೋಡಿ ಮೂಗಣ್ಣನೇ ಬೆರಗಾಗಿಬಿಟ್ಟ. ಅವನು ನಿಮ್ಮನ್ನು ಕೆರೆ ಏರಿ ಮೇಲಿಂದ ಸುತ್ತಿಸಿ ಕರೆದುಕೊಂಡು ಹೋದ. ನಾನು ಈ ಕಡೆ ತಮಟೆ ಬಡಿಯುತ್ತಾ ಆನೆಯ ಗಮನ ಎಳೆದುಕೊಂಡು ನಿಂತೆ. ಅದಕ್ಕೇ ನೀವು ಸೊಪ್ಪು ತೆಗೆಯುವಾಗ ನಾನು ಕಲ್ಲಿನ ಹತ್ತಿರ ಇರಲಿಲ್ಲ.

ಆನೆ ಸರಿದ ಮೇಲೆ, ಒಂದು ಗಂಟೆ ಬಿಟ್ಟು, ಕಲ್ಲಿನ ಹತ್ತಿರ ಬಂದೆ. ಬಸ್ಸು ಹೋಗಿತ್ತು. ಮೂಗಣ್ಣ ಟೆಂಟು ಬಿಚ್ಚುವುದಕ್ಕೆ ವಾಪಸು ಬರುತ್ತಿದ್ದ. ಕಲ್ಲಿನ ಮೇಲೆ ಅವನದೊಂದು, ನನ್ನದೊಂದು, ಎರಡು ಇರಬೇಕಿತ್ತು. ಮೂರಿತ್ತು.

“ಮೂವತ್ತು ತಲೆ ನಾನೇ ಎಣ್ಸಿ ಬಸ್ ಅತ್ತಿಸ್ದೆ ಕಣ್ಲಾ, ಯಾವ್ದೋ ಐಕ ತಗ್ಯೋದ ಮರ್ತದೆ, ಬುಡು” ಅಂದ ಮೂಗಣ್ಣ. ಇರಬಹುದು. ಆನೆ ಗಲಿಬಿಲಿಯಲ್ಲಿ ಮರೆತಿರಬಹುದು. ಆದರೆ ‘ಇರಬಹುದು’ ಅಂತ ನಾನು ಒಂದು ಸಲ ಅಂದುಕೊಂಡು ಮಲಗಿದವನು. ಎಲ್ಲರೂ ಇದ್ದಾರಾ ಅಂತ ಶಾಲೆಯವರನ್ನು ಕೇಳಿಸು ಅಂತ ಮೂಗಣ್ಣನನ್ನು ವೈರ್‌ಲೆಸ್ಸಿನ ಹತ್ತಿರ ಓಡಿಸಿ ಒಳಗೆ ಹೋದೆ. “ಒಬ್ನೇ ಓಗ್ಬೇಡ ಕಣ್ಲಾ, ಅದು ಇಲ್ಲೇ ಅದೆ” ಅಂತ ಹಿಂದಿನಿಂದ ಕೂಗುತ್ತಲೇ ಇದ್ದ.

ಯಾರ ಹೆಸರು ಕೂಗಲಿ? ಮೂವತ್ತರಲ್ಲಿ ನನಗೆ ಗೊತ್ತಿದ್ದ ಮಗುವಿನ ಹೆಸರು ಒಂದೇ. “ಶೃತೀ, ಶೃತೀ” ಅಂತ ಕೂಗುತ್ತಾ ಕೆರೆ ಸುತ್ತಿದೆ, ಶೌಚಾಲಯ ನೋಡಿದೆ, ಹಕ್ಕಿ ನೋಡಿದ ಬಂಡೆ ಹತ್ತಿದೆ, ಪೊದೆ ಪೊದೆ ಬಗ್ಗಿ ನೋಡಿದೆ. ಎರಡು ಗಂಟೆ. ಗಂಟಲು ಬಿದ್ದುಹೋಯಿತು. ಹಳೇ ಬೆಂಕಿ ರೇಖೆಯ ಹತ್ತಿರ ಬಂದಾಗ ನನ್ನ ಬಾಯಲ್ಲಿ ಬರುತ್ತಿದ್ದದ್ದು ಶೃತಿಯ ಹೆಸರಲ್ಲ. “ಭಾವಾ, ಲೋ ಭಾವಾ, ಪುಟ್ಟಮಾದಯ್ಯಾ” ಅಂತ ಕೂಗುತ್ತಿದ್ದೆ. ನನಗೇ ಗೊತ್ತಿರಲಿಲ್ಲ. ಆ ಕೂಗಿಗೆ ಮುರುಕೊಂಬ ಎದ್ದು ಬಂದ. ಓಡಿದೆ. ಆನೆ ದಾಟದ ಹಾಗೆ ತೋಡಿದ ಕಂದಕಕ್ಕೆ ಬಿದ್ದೆ, ಕಾಲು ಲಟಕ್ ಅಂತು. ಅವನು ಮೇಲೆ ನಿಂತು ನೋಡಿದ, ನಾನು ಕೆಳಗಿಂದ ನೋಡಿದೆ. ಎಷ್ಟು ಹೊತ್ತೋ ಕಾಣೆ. ಆಮೇಲೆ ಬೇಡ ಅನ್ನಿಸಿತೋ ಏನೋ, ಹೊರಟುಹೋದ. ಅಷ್ಟರಲ್ಲಿ ಮೂಗಣ್ಣನ ದನಿ ಕೇಳಿತು. “ಎಲ್ಲ ಅವ್ರಂತೆ ಕಣ್ಲಾ, ಮೂವತ್ತೂ ಅವ್ರಂತೆ!” ಕಂದಕದಲ್ಲಿ ಕೂತು ಅತ್ತುಬಿಟ್ಟೆ.

ಮೂವತ್ತೂ ಇದ್ದಾರೆ ಅಂದರೆ ಆ ಕಡ್ಡಿ ಯಾರದು ಚಂದ್ರ? ನನ್ನನ್ನು ಹೊತ್ತು ತರುವಾಗ ಸರಿಯಾಗಿ ನೋಡಿದೆ, ಅದು ಲಂಟಾನ ಅಲ್ಲ. ನೆಲ್ಲಿಯದು. ತುದಿಯಲ್ಲಿ ಒಂದು ಕಾಯಿಯೂ ಇದೆ. ಮಕ್ಕಳಲ್ಲಿ ಯಾರೂ ಅದನ್ನು ಇಟ್ಟದ್ದು ನಾನು ನೋಡಲಿಲ್ಲ. ಅದು ಇನ್ನೂ ಕಲ್ಲಿನ ಮೇಲೇ ಇದೆ, ಮುಟ್ಟಬೇಡ ಅಂತ ಮೂಗಣ್ಣನಿಗೆ ಹೇಳಿ ಬಂದಿದ್ದೇನೆ.

ನಿನ್ನಣ್ಣ,
ಶಿವಮಲ್ಲು


ಚಾಮರಾಜನಗರ
28 ಡಿಸೆಂಬರ್ 2024

ಅಣ್ಣ,

ಫೋನು ಮಾಡಬಹುದಿತ್ತು. ಗುಂಡ್ಲುಪೇಟೆಯಲ್ಲಿ ಸಿಗ್ನಲ್ ಇದೆ, ನಿನ್ನ ನಂಬರೂ ಇದೆ. ಮೂರು ಸಲ ಒತ್ತಿ ಮೂರು ಸಲವೂ ಕಟ್ ಮಾಡಿದೆ. ಬಾಯಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕಿ ‘ಓಗ್ಲಿ ಬುಡು’ ಅನ್ನುತ್ತೀಯ. ನನಗೆ ಓಗ್ಲಿ ಬುಡು ಬೇಡ. ಪೂರ್ತಿ ಹೇಳಬೇಕು.

ಆ ಕಡ್ಡಿ ನನ್ನದು. ನಾನು ಎರಡು ಇಟ್ಟೆ.

ಸೊಪ್ಪು ನಾನೇ ತೆಗೆದೆ ಅಂದ ನಿನ್ನ ಕಾಗದ ಓದಿದ ದಿನ ನಾನು ಸತ್ತೇ ಹೋಗುತ್ತೇನೆ ಅನ್ನಿಸಿತ್ತು. ನಿನ್ನನ್ನು ಕೊಂದುಬಿಡುತ್ತೇನೆ ಅಂತಲೂ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಕಚೇರಿಗೆ ತೋರಿಸಬೇಕು ಅಂತ ಆ ಕಾಗದ ಚೀಲದಲ್ಲಿಟ್ಟುಕೊಂಡು ಗುಂಡ್ಲುಪೇಟೆ ಬಸ್ಸು ಹತ್ತಿ, ನಡುದಾರಿಯ ತೆರಕಣಾಂಬಿಯಲ್ಲಿ ಇಳಿದು ವಾಪಸು ಬಂದೆ. ತೋರಿಸಿದರೆ ಶಿಬಿರ ನಿಲ್ಲುತ್ತಿತ್ತು, ಶೃತಿಗೆ ಯಾಕೆ ಅಂತ ಹೇಳಬೇಕಾಗುತ್ತಿತ್ತು. ಹೇಳುವ ಶಕ್ತಿ ನನಗಿರಲಿಲ್ಲ. ಇನ್ನೊಂದು ಕಾರಣವೂ ಇತ್ತು, ಅದನ್ನು ಒಪ್ಪಿಕೊಳ್ಳುವುದಕ್ಕೆ ನನಗೆ ಈಗಲೂ ಸಿಟ್ಟು ಬರುತ್ತದೆ. ಎಂಟು ವರ್ಷ ಆದ ಮೇಲೆ ನಿಜ ಬರೆದವನು, ನನ್ನ ಮಗಳನ್ನು ಎಣಿಸುವುದರಲ್ಲಿ ತಪ್ಪುವುದಿಲ್ಲ ಅನ್ನಿಸಿತು.

ಆದರೆ ಕಲ್ಲಿನ ಮುಂದೆ ನಿಂತಾಗ ಆ ಬುದ್ಧಿಯೆಲ್ಲ ಎಲ್ಲಿ ಹೋಯಿತೋ. ಮಕ್ಕಳೆಲ್ಲ ಮುಂದೆ ಹೋಗಿದ್ದರು. ಪಕ್ಕದಲ್ಲೇ ನೆಲ್ಲಿಯ ಮರ. ನಿಮ್ಮ ಭಾವ ಬಾಯಿಗೆ ಹಾಕಿಕೊಳ್ಳುತ್ತಿದ್ದದ್ದು ಅದೇ ಮರದ ಕಾಯಿಯೇ ಇರಬೇಕು. ನನ್ನದೊಂದು ಇಟ್ಟೆ. ಇನ್ನೊಂದು ಮುರಿದೆ. ಅವರು ಹೊರಗೆ ಬರಲೇ ಇಲ್ಲವಲ್ಲ, ಹಾಗಿದ್ದಮೇಲೆ ಅವರ ಸೊಪ್ಪು ಯಾಕೆ ಇರಬಾರದು, ಅದನ್ನು ತೆಗೆಯುವುದಕ್ಕೆ ಇವನು ಯಾರು ಅಂತ ಹೊಟ್ಟೆ ಉರಿದು ಇಟ್ಟುಬಿಟ್ಟೆ. ನಿನಗೆ ಚುಚ್ಚಲಿ ಅಂತಲೇ ಇಟ್ಟೆ. ಹೊರಗೆ ಬರುವಾಗ ನನ್ನದು ತೆಗೆದೆ, ಅದನ್ನು ಬಿಟ್ಟೆ. ನೀನು ನೋಡುತ್ತೀಯ, ಅರ್ಥ ಮಾಡಿಕೊಳ್ಳುತ್ತೀಯ, ಒಂದು ದಿನ ಊಟ ಬಿಡುತ್ತೀಯ. ಅಷ್ಟೇ ನನ್ನ ಲೆಕ್ಕ. ಯಾವುದೋ ಮಗು ಉಳಿಯಿತು ಅಂತ ಮದ ಬಂದ ಆನೆಯ ಬಾಯಿಗೆ ಒಬ್ಬನೇ ನುಗ್ಗುತ್ತೀಯ ಅಂತ ನನ್ನ ತಲೆಗೆ ಹೊಳೆಯಲೇ ಇಲ್ಲ. ಶಾಲೆಯಲ್ಲಿ ಮಕ್ಕಳಿಗೆ ಯೋಚಿಸಿ ಉತ್ತರ ಬರೆಯಿರಿ ಅಂತ ದಿನಾ ಬಡಕೊಳ್ಳುತ್ತೇನೆ.

ಅಷ್ಟಕ್ಕೇ ಮುಗಿಯಲಿಲ್ಲ. ಬಸ್ಸು ಚಾಮರಾಜನಗರ ದಾಟುವಾಗ ಹೆಡ್‌ಮಾಸ್ಟರ ಫೋನು ಬಂತು. “ಎಲ್ಲ ಮಕ್ಕಳೂ ಇದ್ದಾರಾ ಮೇಡಂ? ಕಾಡಿನವರು ಕೇಳ್ತಿದ್ದಾರೆ” ಅಂದರು. ಯಾಕೆ ಕೇಳುತ್ತಿದ್ದಾರೆ ಅಂತ ನನಗೆ ಆ ಕ್ಷಣವೇ ಗೊತ್ತಾಯಿತು. ಆ ಕಡ್ಡಿ ನನ್ನದು, ಹುಡುಕಬೇಡಿ ಅಂತ ಒಂದು ಮಾತು ಹೇಳಬಹುದಿತ್ತು. ನಾಚಿಕೆಯಾಯಿತು. ಎಣಿಸಿದೆ. “ಮೂವತ್ತೂ ಇದ್ದಾರೆ ಸರ್” ಅಂದು ಫೋನು ಇಟ್ಟೆ. ಮನೆಗೆ ಬಂದು ಸ್ನಾನ ಮಾಡಿ, ಉಂಡು ಮಲಗಿದೆ. ನೀನು ಕಂದಕಕ್ಕೆ ಬಿದ್ದಿದ್ದೀಯ ಅಂತ ನನಗೆ ಗೊತ್ತಿರಲಿಲ್ಲ. ಏನೂ ಆಗಿರುವುದಿಲ್ಲ ಅಂದುಕೊಂಡೆ ಅಣ್ಣ. ನೀನು ಅಂದುಕೊಂಡ ಹಾಗೆಯೇ.

ನಿನ್ನ ಕಾಗದವನ್ನು ಕಂದಕಕ್ಕೆ ಬಿದ್ದ ಸಾಲಿನವರೆಗೆ ಓದಿ ಅಡುಗೆ ಮನೆಯಲ್ಲಿ ಕೂತುಬಿಟ್ಟೆ. ನಿನ್ನ ಕೈ ಎರಡು ತೆಗೆಯಿತು, ನನ್ನ ಕೈ ಎರಡು ಇಟ್ಟಿತು. ನಾನು ಬಾಯಿ ಮುಚ್ಚಿಕೊಂಡು ಇದ್ದದ್ದು ಆರು ದಿನ, ನೀನು ಎಂಟು ವರ್ಷ. ಆರೇ ದಿನಕ್ಕೆ ನನಗೆ ಅನ್ನ ಸೇರುತ್ತಿಲ್ಲ. ಎಂಟು ವರ್ಷ ನೀನು ಹೇಗೆ ಉಂಡೆ?

ಆ ರಾತ್ರಿ ಶೃತಿಯ ಅಪ್ಪನನ್ನು ಯಾರೂ ಹುಡುಕಲಿಲ್ಲ ಅನ್ನುವುದೇ ನನ್ನ ಎದೆಯಲ್ಲಿ ಕೂತಿದ್ದದ್ದು. ಸತ್ತದ್ದಲ್ಲ. ಯಾರೂ ಹೆಸರು ಹಿಡಿದು ಕೂಗಲಿಲ್ಲವಲ್ಲ ಅಂತ. ನೀನು ಕೂಗಿದೆ ಅಂತ ಬರೆದಿದ್ದೀಯ. ಆ ಸಾಲನ್ನು ಶೃತಿಗೆ ಓದಿ ಹೇಳಿದೆ. ಆಮೇಲೆ ಎಲ್ಲವನ್ನೂ ಹೇಳಿದೆ, ನಿನ್ನದೂ ನನ್ನದೂ. ಅವಳು ಟಾರ್ಚು ತಂದು ಗೋಡೆ ಮೇಲೆ ಬೆಳಕು ಬಿಟ್ಟು, ಆರಿಸಿದಳು. ಆಮೇಲೆ, “ಮಾವಂಗೆ ಕಾಲ್ ನೋವ್ತಾ ಇದ್ಯೇನಮ್ಮ?” ಅಂದಳು.

ಮುಂದಿನ ವಾರದ ಭಾನುವಾರ ಆಸ್ಪತ್ರೆಗೆ ಬರುತ್ತೇವೆ. ಮುದ್ದೆ, ಉಪ್ಪುಸಾರು ತರುತ್ತೇನೆ. ಮೂಗಣ್ಣನಿಗೂ ಬರಲು ಹೇಳು, ಅವನ ಕಾಲು ಹಿಡಿಯಬೇಕು, ನೀನೂ ಹಿಡಿ.

ಜನವರಿ 18ಕ್ಕೆ ನಿನ್ನ ಕಾಲು ವಾಸಿಯಾಗಿರುವುದಿಲ್ಲ. ಪರವಾಗಿಲ್ಲ, ಕೋಲು ಊರಿಕೊಂಡು ಕಲ್ಲಿನವರೆಗೆ ಬಾ. ಇಟ್ಟ ಕೈಯೇ ತೆಗೆಯಬೇಕು ಅಂತ ತಾನೆ ಅವ್ವ ಹೇಳಿದ್ದು. ಇಟ್ಟದ್ದು ನಾನು, ತೆಗೆಯುವುದೂ ನಾನೇ. ಅಷ್ಟು ಹೊತ್ತಿಗೆ ಎಲೆ ಉದುರಿ ಬರೀ ಕಡ್ಡಿ ಉಳಿದಿರುತ್ತದೆ, ಆಗಲಿ. ನಾನು ಅದನ್ನು ತೆಗೆಯುವಾಗ ನನ್ನ ಕಣ್ಣು ಕಾಣುವುದಿಲ್ಲ, ನನಗೆ ಗೊತ್ತು. ನೀನು ಪಕ್ಕದಲ್ಲಿ ನಿಂತು, ಕಲ್ಲು ಖಾಲಿಯಾಯಿತಾ ಇಲ್ಲವಾ ಅಂತ ನೋಡಿ ಹೇಳು. ನೀನು ಹೇಳಿದರೆ ನಂಬುತ್ತೇನೆ.

ನಿನ್ನ ತಂಗಿ,
ಚಂದ್ರ